ಆಧಾರ ಕೇಳುವ ಕಾಕಾ

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವುದು ಸುಲಭ, ಉಣ್ಣಿಸುವುದು ಕಷ್ಟ! "ಮೆಂತ್ಯಪಲ್ಲೆ ತಿನ್ರಿ, ಶುಗರ್ ಇಳಿತೈತಿ" ಎಂದು ಅವನ ಹೆಂಡತಿ ಕಾಕು ಅಂದರೆ ಸಾಕು, ಎತ್ತಿದ ತುತ್ತು ಅಲ್ಲೇ ನಿಲ್ಲುತ್ತದೆ.

"ಯಾರು ಹೇಳ್ಯಾರ? ಎಲ್ಲಿ ಬರದೈತಿ?"

"ನಾ ಹೇಳಾಕತ್ತೀನಿ. ತಾಟಿನ್ಯಾಗ ಬರದೈತಿ, ಓದ್ಕೊಂತ ಉಣ್ರಿ!"

ನರಗುಂದದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ನಿವೃತ್ತನಾದ ಇವನನ್ನು ಗಜೇಂದ್ರಗಡದ ಕಡೆಯ ಒಂದು ಮಠದವರು ಪಾಠಕ್ಕೆ ಕರೆದರು. ಪ್ರವಚನ ಹೇಳಲು ಕಲಿಯುವ ಹುಡುಗರಿಗೆ ಗ್ರಂಥಾಲಯದಲ್ಲಿ ಆಧಾರ ಹುಡುಕುವುದನ್ನು ಕಲಿಸಬೇಕಿತ್ತು. ಪಾಪ, ಕರೆದವರಿಗೇನು ಗೊತ್ತು?

ಮೊದಲ ದಿನವೇ ಒಬ್ಬ ಸಿಕ್ಕಿಬಿದ್ದ. "ದಾನಾ ಮಾಡಿದ್ರ ಪುಣ್ಯ ಬರ್ತೈತ್ರಿ ಸರ್. ವಾಟ್ಸಾಪಿನ್ಯಾಗ ಐತ್ರಿ."

"ಕಳಿಸಿದವರು ಯಾರು?"

"ನಮ್ಮ ಮಾವಾರಿ."

"ನಿಮ್ಮ ಮಾವಾ ಋಷಿ ಏನು?"

"ಇಲ್ರಿ, ರೋಣದಾಗ ಗೊಬ್ಬರದ ಅಂಗಡಿ ಐತ್ರಿ."

ಆ ಹುಡುಗ ಆಧಾರ ಹುಡುಕುತ್ತ ಸಂಜೆಯವರೆಗೆ ಕಪಾಟಿನ ಸಂದಿಯಿಂದ ಹೊರಬರಲಿಲ್ಲ!

ಮುಂದೆ ಬೆಳವಣಕಿಯಲ್ಲಿ ಆ ಹುಡುಗನದೇ ಪ್ರವಚನ. ಒಂದೊಂದು ಮಾತಿಗೂ ಗ್ರಂಥ, ಪುಟ, ಪ್ರಕಾಶಕರ ಹೆಸರು! ಮುಂದೆ ಕೂತಿದ್ದ ಅಜ್ಜಿಯೊಬ್ಬಳಿಗೆ ತಡೆಯಲಾಗಲಿಲ್ಲ. "ಯಪ್ಪಾ, ಪುಟಾ ನೀವs ಇಟ್ಕೋರಿ, ನಮಗ ಕಥಿ ಹೇಳ್ರಿ!" ಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಕಾ ಮಾತ್ರ ನಗಲಿಲ್ಲ. ಹುಡುಗ ಕೆಳಗಿಳಿದು ಬಂದ ಕೂಡಲೇ, "ಎಷ್ಟನೇ ಮುದ್ರಣ ಅನ್ನೋದನ್ನ ನುಂಗಿಬಿಟ್ಟಿ" ಎಂದು ಬೈದ.

ಮೊನ್ನೆ ಬೈಕಿನಲ್ಲಿ ಅವನನ್ನು ಕರೆತರಲು ಹೋಗಿದ್ದೆ. ಗ್ರಂಥಾಲಯದಲ್ಲಿ ಮೆಣಸಗಿಯ ವಿದ್ಯಾರ್ಥಿಯೊಬ್ಬ ಕೂತಿದ್ದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹುರಿ ಮಾಡಿದ ಮೀಸೆ. ತೀರಿಕೊಂಡ ಅವ್ವನ ಮಣ್ಣು ಮುಗಿಸಿ ಆಗಷ್ಟೇ ಊರಿಂದ ಬಂದಿದ್ದನಂತೆ.

"ಸರ್, ಹೋದವರು ನಮ್ಮನ್ನ ನೋಡ್ತಿರ್ತಾರ ಅಂತ ಎಲ್ಲೆರ ಬರದೈತೇನ್ರಿ?"

ಕಾಕಾ ಗ್ರಂಥಗಳನ್ನು ಒಂದೊಂದಾಗಿ ಇಳಿಸಿದ, ತಿರುವಿದ, ಮತ್ತೆ ಏರಿಸಿದ. ಒಂದರಲ್ಲಿ ಒಂದು ನಮೂನಿ, ಇನ್ನೊಂದರಲ್ಲಿ ಇನ್ನೊಂದು. ನಾನು ಹೊರಗೆ ಬಂದು, ಲಗೂ ಬರಲಿ ಎಂದು ಬೈಕು ಚಾಲೂ ಮಾಡಿದೆ. ತೆರೆದ ಕಿಟಕಿಯಿಂದ ನೋಡುತ್ತೇನೆ, ಕಾಕಾ ಚಾಳೀಸು ತೆಗೆದು ಮೇಜಿನ ಮೇಲಿಟ್ಟಿದ್ದಾನೆ.

"ನೋಡ್ತಾಳಪಾ. ಅಕಿ ನಿನ್ನ ನೋಡಾಕತ್ತಾಳ." ಅವನ ಕಡೆ ಬಾಗಿ ಕೇಳಿದ, "ನಿನಗ ಏನಂತ ಕರೀತಿದ್ಲು?"

"ಕೂಸs ಅಂತಿದ್ಲ್ರಿ" ಎಂದವನೇ ಆ ಮೀಸೆಯ ಆಳು ಮುಖ ಮುಚ್ಚಿಕೊಂಡ.

ಕಾಕಾ ಅವನ ಬೆನ್ನ ಮೇಲೆ ಕೈಯಿಟ್ಟ. "ಬಾ ಕೂಸ. ಹೊರಗ ಕಟ್ಟಿ ಮ್ಯಾಲ ಕುಂದ್ರೂಣು. ಅಕಿ ಹ್ಯಾಂಗಿದ್ಲು, ಹೇಳು ನನಗ."

ನಾನು ಬೈಕು ಆರಿಸಿದೆ.