ಮೇಡಂ ಒಪ್ಪಿದ ಹಕ್ಕಿ

ಹಕ್ಕಿ ನೋಡುವವರ ಸಹವಾಸ ಮಾಡಿದರೆ ಹಕ್ಕಿ ಸಿಗುತ್ತದೋ ಇಲ್ಲವೋ, ನಗುವುದಕ್ಕಂತೂ ವರ್ಷಕ್ಕಾಗುವಷ್ಟು ಸಿಗುತ್ತದೆ. ಹೊಂಗೆ ಚಿಗುರಿ ಯುಗಾದಿ ಹತ್ತಿರ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿಗೆ ಎಲ್ಲಿಲ್ಲದ ಹುರುಪು. ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗಿನ ಜನ ಇದರಲ್ಲಿದ್ದಾರೆ. ಯಾರು ಏನು ಕಂಡರೂ ಹಾಕಬಹುದು. ಆದರೆ ಫೋಟೊನೋ ಧ್ವನಿಯೋ ಸಾಕ್ಷಿ ಇರಬೇಕು, ಅದನ್ನು ನೋಡಿ ಮೇಡಂ "ಒಪ್ಪಿದೆ" ಎಂದು ಬರೆಯಬೇಕು.

ಮೇಡಂ ಎಂದರೆ ಗುಂಪಿನ ಅಡ್ಮಿನ್, ದಾವಣಗೆರೆ ಕಡೆಯ ನಿವೃತ್ತ ಜೀವಶಾಸ್ತ್ರ ಲೆಕ್ಚರರ್. ಈಗ ವೈಟ್‌ಫೀಲ್ಡ್‌ನಲ್ಲಿ ಮಗನ ಮನೆಯಲ್ಲಿದ್ದಾರೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಹಣೆಗೆ ವಿಭೂತಿ, ಕೊರಳಿಗೆ ಬೈನಾಕ್ಯುಲರ್, ಬೆಳಗಾದರೆ ಯಾವುದೋ ಕೆರೆ ದಂಡೆ. ಅವರಿಗಿದ್ದ ಆಸೆ ಒಂದೇ, ರಾಜಹಕ್ಕಿಯನ್ನು ನೋಡಬೇಕು. ಹಾಲುಬಿಳಿ ಮೈ, ರಿಬ್ಬನ್ನಿನಂಥ ಉದ್ದ ಬಾಲ. ನನ್ನ ಆಸೆ ಅದಕ್ಕಿಂತ ಸಣ್ಣದು, ಮೇಡಂ ಕೈಯಲ್ಲಿ ಒಂದೇ ಒಂದು "ಒಪ್ಪಿದೆ". ಗುಂಪು ಸೇರಿದಾಗಿನಿಂದ ಅದು ನನಗೆ ಸಿಕ್ಕಿರಲಿಲ್ಲ.

ಟಕ್ ಟಕ್

ನಮ್ಮ ಗುಂಪಿನ ಒಬ್ಬರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಇನ್‌ಚಾರ್ಜ್. ಗುಂಪಿಗೆ ಸೇರುವ ಮೊದಲು ಅವರಿಗೆ ಕಾಗೆ ಬಿಟ್ಟರೆ ಬೇರೆ ಹಕ್ಕಿ ಗೊತ್ತಿರಲಿಲ್ಲ. ಒಂದು ದಿನ ಶೆಡ್ಡಿನಲ್ಲಿ ಎಲ್ಲಿಂದಲೋ ಟಕ್ ಟಕ್ ಟಕ್ ಎಂದು ಒಂದೇ ಸಮನೆ ಸದ್ದು. ಕಂಪ್ರೆಸರ್ ಬಿಚ್ಚಿ ನೋಡಿದರು, ಬೇರಿಂಗ್ ಬದಲಾಯಿಸಿದರು. ಸದ್ದು ನಿಲ್ಲಲಿಲ್ಲ. ಆಮೇಲೆ ಕರೆಂಟೇ ಹೋಯಿತು. ಎಲ್ಲ ಮೆಷಿನ್ ನಿಂತರೂ ಟಕ್ ಟಕ್ ಮಾತ್ರ ನಡೆದೇ ಇತ್ತು. ಬೆವರಿಳಿಸಿಕೊಂಡು ಹೊರಗೆ ಬಂದರೆ ಕಾಂಪೌಂಡಿನ ಅತ್ತಿಮರದಲ್ಲಿ ಕಂಚುಕುಟಿಗ ಹಕ್ಕಿ ಕೂತಿತ್ತು. ಹಸಿರು ಮೈ, ಹಣೆಗೆ ಕುಂಕುಮ ಇಟ್ಟಂಥ ಕೆಂಪು.

ಸಮಾಧಾನವಾಗಿ ಮಾಲೀಕರ ಹತ್ತಿರ ಹೋಗಿ, ಸದ್ದು ನಮ್ಮ ಮೆಷಿನ್ನಿನದಲ್ಲ, ಮರದ್ದು ಎಂದರಂತೆ. ಮಾಲೀಕರು ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದರು: "ಹಂಗಾದ್ರೆ ಅದಕ್ಕೂ ಸ್ವಲ್ಪ ಆಯಿಲ್ ಹಾಕ್ಸಿ."

ಅವರು ಮೊಬೈಲಿನಲ್ಲಿ ಹಿಡಿದಿದ್ದ ಆ ಸದ್ದಿಗೆ ಮೇಡಂ ತಕ್ಷಣ "ಒಪ್ಪಿದೆ" ಎಂದರು. ಬೇರಿಂಗ್ ಹುಡುಕಲು ಹೋದವರಿಗೆ ಹಕ್ಕಿ ಸಿಕ್ಕಿತ್ತು. ನನಗೆ ಹೊಟ್ಟೆ ಉರಿಯಿತು.

ಮುಂಗುಸಿ ದರ್ಶನ

ನಾನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ನಮ್ಮಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೇ ವರ್ಷದ ಕೆಲಸಕ್ಕೆ ಅಂಕ ಹಾಕುವ ಅಪ್ರೈಸಲ್ ಕೂಡ ಬರುತ್ತದೆ. ಆ ದಿನಗಳಲ್ಲಿ ಪಾರ್ಕಿಂಗ್ ಹಿಂದಿನ ಪೊದೆಯಲ್ಲಿ ನನಗೊಂದು ಮುಂಗುಸಿ ಕಂಡಿತು. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕ್ಯಾಂಟೀನಿನಲ್ಲಿ ಹೇಳಿಬಿಟ್ಟೆ.

ಬೆಳಗ್ಗೆ ಮುಂಗುಸಿ ಕಂಡರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಯಾರಿಗಿಲ್ಲ? ಮರುದಿನ ನಾನು ಕ್ಯಾಮೆರಾ ಹಿಡಿದು ಹೋಗುವಷ್ಟರಲ್ಲಿ, ರೇಟಿಂಗ್ ಭಯವಿದ್ದ ಟೀಮಿನವರೆಲ್ಲ ಐಡಿ ಕಾರ್ಡ್ ಜೋತಾಡಿಸಿಕೊಂಡು ಪೊದೆಯ ಮುಂದೆ ಬಗ್ಗಿ ನಿಂತಿದ್ದರು. ಹುಬ್ಬಳ್ಳಿಯ ಗೆಳೆಯನೊಬ್ಬ ಚಪ್ಪಲಿಯನ್ನೂ ಬಿಟ್ಟಿದ್ದ. ಮುಂಗುಸಿ ಒಂದು ಕ್ಷಣ ಇಣುಕಿತು, ನಾನು ಕ್ಲಿಕ್ಕಿಸಿದೆ, ಗುಂಪಿಗೆ ಹಾಕಿದೆ.

ಮೇಡಂ ಉತ್ತರ ಬಂತು: "ಚಿತ್ರದಲ್ಲಿ ಎಂಜಿನಿಯರುಗಳು ಸ್ಪಷ್ಟವಾಗಿ ಕಾಣುತ್ತಿದ್ದಾರೆ. ಮುಂಗುಸಿ ಕಾಣುತ್ತಿಲ್ಲ."

ಅಲುಗಾಡಬೇಡಿ ಸಾರ್

ಕೊನೆಗೆ ನನ್ನ ಅಪ್ರೈಸಲ್ ದಿನವೂ ಬಂತು. ಬೆಳಗ್ಗೆಯೇ ಗುಂಪಿನಲ್ಲಿ ಮೇಡಂ ಸಂದೇಶವಿತ್ತು, ಕೆರೆಯಲ್ಲಿ ಕಾಯುತ್ತಿದ್ದೇನೆ, ಇವತ್ತೂ ರಾಜಹಕ್ಕಿ ಇಲ್ಲ ಎಂದು. ನಮ್ಮ ಮ್ಯಾನೇಜರ್ ತಮ್ಮ ಮನೆಯಿಂದಲೇ ವಿಡಿಯೊ ಕರೆಯಲ್ಲಿ ಕೂತು ನನ್ನ ತಪ್ಪುಗಳನ್ನು ಒಂದೊಂದಾಗಿ ಓದತೊಡಗಿದರು. ನಾನು ತಲೆ ತಗ್ಗಿಸಿದ್ದೆ. ಎತ್ತಿ ನೋಡಿದರೆ ಅವರ ಹಿಂದಿನ ಕಿಟಕಿಯಾಚೆ, ಸೀಬೆ ಗಿಡದ ಮೇಲೆ ರಾಜಹಕ್ಕಿ.

"ಸಾರ್, ಅಲುಗಾಡಬೇಡಿ," ಎಂದೆ.

ಬೆನ್ನ ಹಿಂದೆ ಹಾವೋ ಏನೋ ಎಂದುಕೊಂಡು ಅವರು ಕಣ್ಣು ಬಿಟ್ಟುಕೊಂಡು ಕಲ್ಲಾದರು. ನಾನು ಸ್ಕ್ರೀನ್‌ಶಾಟ್ ಹೊಡೆದೆ. ಬಿಳಿ ಬಾಲ ಸರಿಯಾಗಿ ಅವರ ನೆತ್ತಿಯಿಂದಲೇ ಹೊರಟ ಹಾಗೆ ಬಂದಿತ್ತು. ಕರೆ ಮುಗಿದ ತಕ್ಷಣ, ಹಿಂದೆ ಮುಂದೆ ಯೋಚಿಸದೆ ಗುಂಪಿಗೆ ಹಾಕಿದೆ. ಮುಂದೆ ಕೂತಿರುವ ಪ್ರಾಣಿ ಯಾವುದು ಎಂದು ಪೀಣ್ಯದವರು ಕೇಳಿದರು. ಆಮೇಲೆ ಮೇಡಂ ಬರೆದರು:

"ಹಿಂದೆ ಇರುವುದು ಗಂಡು ರಾಜಹಕ್ಕಿ. ಮುಂದೆ ಇರುವುದು ನನ್ನ ಮಗ. ಗಿಡ ನಮ್ಮ ಮನೆಯದು. ನಾನು ಕೆರೆಯಲ್ಲಿದ್ದೇನೆ. ಒಪ್ಪಿದೆ."

ಕೊನೆಗೂ ಸಿಕ್ಕಿತಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು, ಮೇಡಂ ನೆನೆದು ಪಾಪ ಎನ್ನಿಸಿತು, ಕೆಲಸ ಹೋಯಿತು ಎಂದು ಭಯವೂ ಆಯಿತು.

ಮರುದಿನ ಅದೇ ಹೊತ್ತಿಗೆ ಮ್ಯಾನೇಜರ್ ಕರೆ ಬಂತು. ಅದೇ ಕುರ್ಚಿ, ಅದೇ ಅಂಗಿ. "ನಿಮ್ಮ ಅಪ್ರೈಸಲ್ ಇನ್ನೊಂದ್ಸಲ ಮಾಡ್ಬೇಕಂತೆ ಕಣ್ರೀ," ಎಂದರು ಸಣ್ಣ ದನಿಯಲ್ಲಿ. "ನಿನ್ನೆ ಥರಾನೇ ಕೂತು ಅದನ್ನೇ ಓದಿದ್ರೆ ಹಕ್ಕಿ ಮತ್ತೆ ಬರುತ್ತೆ ಅಂತಾರೆ ನಮ್ಮಮ್ಮ." ಕಿಟಕಿ ಪರದೆಯ ಸಂದಿಯಲ್ಲಿ ಬೈನಾಕ್ಯುಲರ್ ಕಾಣುತ್ತಿತ್ತು.

ಅವರು ನನ್ನ ತಪ್ಪುಗಳನ್ನು ಮೊದಲಿನಿಂದ ಓದಿದರು. ಓದಿ ಮುಗಿಯುವಷ್ಟರಲ್ಲಿ ಹಕ್ಕಿ ನಿಜಕ್ಕೂ ಬಂದು ಕೂತಿತು. ಪರದೆಯ ಹಿಂದಿನಿಂದ ಮೇಡಂ ಪಿಸುದನಿ ಕೇಳಿತು: "ಬಂತು. ನಿಲ್ಲಿಸಬ್ಯಾಡ, ಮಾತಾಡ್ತಾ ಇರು." ಆದರೆ ಓದಲು ತಪ್ಪುಗಳೇ ಉಳಿದಿರಲಿಲ್ಲ. ಮ್ಯಾನೇಜರ್ ತಡವರಿಸಿದರು, ಅಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿದರು, ಬೇರೆ ದಾರಿ ಕಾಣದೆ ನನ್ನನ್ನು ಹೊಗಳತೊಡಗಿದರು.

ಪುಣ್ಯಕ್ಕೆ ರಾಜಹಕ್ಕಿ ಬಹಳ ಹೊತ್ತು ಕೂತಿತ್ತು. ಅದು ಹಾರಿಹೋಗುವಷ್ಟರಲ್ಲಿ ಇಡೀ ಕಂಪನಿಯಲ್ಲಿ ನನ್ನಂಥ ಟೆಸ್ಟರ್ ಇನ್ನೊಬ್ಬನಿರಲಿಲ್ಲ.