ಹೀಟರ್ ಆರಿಸು ಎನ್ನುವಂತಿಲ್ಲ

ಬ್ರೈನಾ ಜನ್ಮದಲ್ಲಿ ಒಂದು ಮಾತನ್ನೂ ನೇರವಾಗಿ ಆಡಿದವಳಲ್ಲ. ಅವಳ ಗಂಡ ಅನ್ಶೆಲ್ ಜನ್ಮದಲ್ಲಿ ಒಂದು ಸುಳಿವನ್ನೂ ಹಿಡಿದವನಲ್ಲ. ಇಂಥ ಅಪೂರ್ವ ಜೋಡಿಯನ್ನು ಮೆಲ್ಬರ್ನಿನ ಒಂದೇ ಸೂರಿನಡಿ ಕೂರಿಸಿದ ದೇವರು ಭಾರಿ ತಮಾಷೆಯವನೇ ಇರಬೇಕು.

ಶುಕ್ರವಾರ ಸಂಜೆ, ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನ ದೀಪ ಹಚ್ಚುವ ಮುಂಚೆ, ಬ್ರೈನಾ ಕಿಟಕಿಯ ಬಳಿ ನಿಂತು, "ಗಾಳಿ ಉತ್ತರದಿಂದ ಬೀಸೋ ಹಾಗಿದೆ" ಎಂದಳು. "ಬೀಸ್ಲಿ ಬಿಡು" ಎಂದ ಅನ್ಶೆಲ್. ಮರುದಿನ ಬೆಳಿಗ್ಗೆಯೇ ಉತ್ತರದ ಮರಳುಗಾಡಿನ ಬಿಸಿಗಾಳಿ ಬಂದಿಳಿಯಿತು. ಮನೆಯ ಹೀಟರ್ ಮಾತ್ರ ಹಿಂದಿನ ದಿನದ ಚಳಿಯನ್ನೇ ನಂಬಿಕೊಂಡು ಧಗಧಗ ಉರಿಯುತ್ತಿತ್ತು. ಶನಿವಾರ ರಾತ್ರಿ ಶಬ್ಬಾತ್ ಮುಗಿಯುವ ತನಕ ಸ್ವಿಚ್ಚು ಮುಟ್ಟುವಂತಿಲ್ಲ. ಈ ಕಟ್ಟಳೆಯಿಲ್ಲದ ಪಕ್ಕದ ಮನೆಯ ಗ್ರೀಕ್ ಲೆಫ್ಟೇರಿಸ್‌ಗೆ 'ಬಂದು ಆರಿಸು' ಎಂದು ನೇರವಾಗಿ ಹೇಳುವಂತೆಯೂ ಇಲ್ಲ. ಸೂಚ್ಯವಾಗಿ ಕಷ್ಟ ತೋಡಿಕೊಳ್ಳಬಹುದು, ಅಷ್ಟೇ. ಮಧ್ಯಾಹ್ನದ ಊಟಕ್ಕೋ, ಮಗಳ ಭಾವೀ ಅತ್ತೆ ಮಾವ ಮೊದಲ ಸಲ ಬರುವವರು. ಬೀಗರನ್ನು ಬೇಯಿಸಿ ಕಳಿಸಿದರೆ ಸಂಬಂಧ ಉಳಿದೀತೇ?

ಅನ್ಶೆಲ್ ಬೇಲಿಯ ಬಳಿ ಹೋಗಿ, ಮನೆಯೊಳಗೆ ಯಾಕೋ ವಿಪರೀತ ಸೆಕೆ ಎಂದು ನಿಟ್ಟುಸಿರು ಬಿಟ್ಟ. ಲೆಫ್ಟೇರಿಸ್ ಕನಿಕರದಿಂದ ಒಂದು ಇಡೀ ಕಲ್ಲಂಗಡಿ ತಂದುಕೊಟ್ಟ. (ಹಣ್ಣು ಚೆನ್ನಾಗಿಯೇ ಇತ್ತು, ಆ ಮಾತು ಬೇರೆ.) ಅನ್ಶೆಲ್ ಇನ್ನಷ್ಟು ಧೈರ್ಯ ಮಾಡಿ, "ನಮ್ಮ ಹೀಟರ್ ನಿನ್ನೆಯಿಂದ ನಿಂತೇ ಇಲ್ಲ ನೋಡು" ಎಂದ.

"ನೀನೇ ಪುಣ್ಯವಂತ ಕಣಯ್ಯಾ. ನಮ್ದು ವಾರಕ್ಕೊಂದ್ಸಲ ಕೆಡುತ್ತೆ."

ಅನ್ಶೆಲ್ ಕಲ್ಲಂಗಡಿ ತಬ್ಬಿಕೊಂಡು ಬೆವರುತ್ತ ನಿಂತಿದ್ದಾಗ ಬ್ರೈನಾ ಹೊರಗೆ ಬಂದಳು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಲೆಫ್ಟೇರಿಸ್‌ನ ಹೆಂಡತಿ ವೂಲಾಳತ್ತ ನೋಡಿ, "ಬೀಗರು ಬರೋ ಹೊತ್ತಾಯ್ತು" ಎಂದಳು. ಇಷ್ಟೇ. ವೂಲಾ ಬ್ರೈನಾಳ ಕೆಂಪೇರಿದ ಮುಖ ನೋಡಿದಳು, ಬಟ್ಟೆ ಬಿಟ್ಟು ನೆಟ್ಟಗೆ ಇವರ ಮನೆಯೊಳಗೆ ಹೋಗಿ ಹೀಟರ್ ಆರಿಸಿ ಬಂದಳು. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು.

ಊಟ ಸಾಂಗವಾಯಿತು. ರಾತ್ರಿಯಿಡೀ ಬೆಂದ ಕಾಳು ಮಾಂಸದ ಚೋಲೆಂಟನ್ನು ಬೀಗರು ಎರಡೆರಡು ಸಲ ಹಾಕಿಸಿಕೊಂಡರು. ಅವರು ಹೋದ ಮೇಲೆ ಅನ್ಶೆಲ್, ನಿನ್ನೆಯೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ರೇಗಿದ.

"ಹೇಳಿದ್ನಲ್ರೀ, ಗಾಳಿ ಅಂತ" ಎಂದಳು ಬ್ರೈನಾ.

ಅನ್ಶೆಲ್‌ಗೆ ನಾಚಿಕೆಯಾಯಿತು. ಒಂದು ದಿನ ಸುಳಿವು ಕೊಡುವುದಕ್ಕೇ ತನ್ನ ಪ್ರಾಣ ಹೋಗಿತ್ತು. ಇವಳು ಮದುವೆಯಾದಾಗಿನಿಂದ ಕೊಡುತ್ತಲೇ ಇದ್ದಾಳಲ್ಲ, ಪಾಪ. ಇನ್ನು ಮೇಲೆ ಅವಳ ಒಂದು ಮಾತನ್ನೂ ಕೆಳಗೆ ಬೀಳಗೊಡುವುದಿಲ್ಲ ಎಂದು ಭೀಷಣ ಪ್ರತಿಜ್ಞೆ ಮಾಡಿದ.

ಆಕಾಶದಲ್ಲಿ ಮೂರು ನಕ್ಷತ್ರ ಕಂಡು ಶಬ್ಬಾತ್ ಮುಗಿಯಿತು. ಗಳಿಗೆಗೊಂದು ಹವೆ ತೋರುವ ಮೆಲ್ಬರ್ನ್ ತನ್ನ ಬುದ್ಧಿ ಬಿಟ್ಟೀತೇ? ದಕ್ಷಿಣದಿಂದ ತಣ್ಣನೆಯ ಗಾಳಿ ಬೀಸತೊಡಗಿತು. ಹಿತ್ತಲ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದ ಬ್ರೈನಾ, ಪಕ್ಕದಲ್ಲಿ ಜಾಗ ಬಿಟ್ಟು, ಮೆಲ್ಲಗೆ, "ಯಾಕೋ ಚಳಿ ಕಣ್ರೀ" ಎಂದಳು.

ಅನ್ಶೆಲ್ ಒಂದೇ ನೆಗೆತಕ್ಕೆ ಒಳಗೋಡಿ, ಹೀಟರ್ ಹಾಕಿ, ಯುದ್ಧ ಗೆದ್ದವನಂತೆ ಬಾಗಿಲಲ್ಲಿ ನಿಂತ. ಬ್ರೈನಾ ಪಕ್ಕದ ಖಾಲಿ ಜಾಗವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಬೇಲಿಯಾಚೆ ವೂಲಾ ಹಣೆ ಚಚ್ಚಿಕೊಂಡಳು.

"ಯಾಕೆ?" ಎಂದ ಲೆಫ್ಟೇರಿಸ್. "ಅವನು ಸರಿಯಾಗೇ ಮಾಡಿದ್ನಲ್ಲ?"