ಎಂಟು ಕಿಂಡಿಯ ಡಬ್ಬವೂ ನಮ್ಮತ್ತೆಯ ಫಿಲ್ಟರೂ

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಕೆಲಸ ಮಾಡುವವರು ಪುಣ್ಯವಂತರು. ಡಾಕ್ಟರು, ಮೇಷ್ಟ್ರು, ಬ್ಯಾಂಕು ಎಂದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ತಲೆಯಾಡಿಸಿ ಸಾರಿಗೆ ಕೈಹಾಕುತ್ತಾರೆ. ನಾನು ನನ್ನ ಕೆಲಸವನ್ನು ವಿವರಿಸಲು ಹೊರಟರೆ ಪಾಯಸ ಬಂದು ಹೋಗಿ ಮಜ್ಜಿಗೆ ಬಂದರೂ ವಿಷಯ ಮುಗಿಯುವುದಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಮಿಸ್ಡ್ ಕಾಲ್ ಕೊಟ್ಟುಕೊಂಡು ಕಾಸು ಉಳಿಸುತ್ತಿದ್ದ ಕಾಲ ಅದು. ನಾನು ಹನುಮಂತನಗರಕ್ಕೆ ಸೊಸೆಯಾಗಿ ಬಂದು, ಅಲ್ಲಿಂದ ಜೆ.ಪಿ. ನಗರದ ಒಂದು ಪುಟ್ಟ ಕಂಪನಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ಎಂಟು ಕಿಂಡಿಗಳ ಒಂದು ಡಬ್ಬ ತಯಾರಿಸುವ ಕಂಪನಿ. ಕಿಂಡಿಗೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ಅದೇ ತಂತಿಯಲ್ಲಿ ಮಾತೂ ಹೋಗುತ್ತದೆ, ಕರೆಂಟೂ ಹೋಗುತ್ತದೆ. ಆಚೆ ತುದಿಯ ಫೋನಿಗೋ ಕ್ಯಾಮೆರಾಗೋ ಬೇರೆ ಪ್ಲಗ್ಗು ಬೇಡ. ಆದರೆ ಡಬ್ಬದೊಳಗೆ ಕೂತು ಇದನ್ನೆಲ್ಲ ನಡೆಸುವ ಆಪರೇಟಿಂಗ್ ಸಿಸ್ಟಮ್ಮಿಗೆ ಕಣ್ಣಿಲ್ಲ. ತನಗೆ ಎಷ್ಟು ಕಿಂಡಿಗಳಿವೆ, ಯಾವ ಚಿಪ್ಪಿನಿಂದ ಯಾವ ಕಿಂಡಿಗೆ ಕರೆಂಟು, ಒಟ್ಟು ಕರೆಂಟು ಎಷ್ಟು ಎಂದು ಅದಕ್ಕೆ ತಾನಾಗಿ ತಿಳಿಯದು. ಯಾರಾದರೂ ಕೂತು ಬರೆದುಕೊಡಬೇಕು. ಆ ಯಾರಾದರೂ ನಾನು. ನಮ್ಮತ್ತೆ ಇದನ್ನು ಬಂಧುಬಳಗಕ್ಕೆ ಚೊಕ್ಕವಾಗಿ ಹೇಳುತ್ತಿದ್ದರು: “ನಮ್ ಸೊಸೆ ಆಫೀಸಲ್ಲಿ ಡಬ್ಬದ ವರ್ಣನೆ ಬರೀತಾಳೆ.” ಗಿರಿನಗರದ ಚಿಕ್ಕಪ್ಪನವರೊಬ್ಬರು ಬಹಳ ಗೌರವದಿಂದ, “ಛಂದಸ್ಸಲ್ಲೇ ಬರೀತೀಯೇನಮ್ಮಾ?” ಎಂದು ಕೇಳಿದ್ದರು.

ಛಂದಸ್ಸು ಇಲ್ಲದಿದ್ದರೂ ಅದರಲ್ಲಿ ಸಂಸಾರ ಬೇಕಾದಷ್ಟಿತ್ತು. ಎಂಟೂ ಕಿಂಡಿಗಳಿಗೆ ಹೊಟ್ಟೆತುಂಬ ಕೊಡುವಷ್ಟು ಕರೆಂಟು ಡಬ್ಬದಲ್ಲಿ ಇರುವುದಿಲ್ಲ. ಹಾಗಾಗಿ ಯಾರಿಗೆ ಮೊದಲು, ಯಾರಿಗೆ ಆಮೇಲೆ, ಸಾಲದೇ ಬಂದರೆ ಯಾರಿಗೆ ಇಲ್ಲವೆನ್ನಬೇಕು ಎಂಬುದನ್ನೂ ಬರೆದಿಡಬೇಕು. ಬಾಸ್ ಮೇಜಿನ ಫೋನು ಮೊದಲು, ಗೇಟಿನ ಕ್ಯಾಮೆರಾ ಆಮೇಲೆ, ಮೂಲೆಯ ಫೋನು ಕೊನೆಗೆ. ನಾನು ಟೀ ಬಿಸ್ಕತ್ತು ತಿನ್ನುತ್ತ, ಮನಸ್ಸಾಕ್ಷಿಗೆ ಒಂದಿಷ್ಟೂ ನೋವಾಗದಂತೆ ಇದನ್ನೆಲ್ಲ ಬರೆಯುತ್ತಿದ್ದೆ. ಮೂಲೆಯವನ ಸಂಕಟ ಏನೆಂದು ಅರ್ಥವಾದದ್ದು ಮನೆಯಲ್ಲಿ.

ನಮ್ಮ ಮನೆಯಲ್ಲಿ ಜನ ತುಂಬಿದ್ದರು, ಫಿಲ್ಟರು ಮಾತ್ರ ಒಂದೇ. ಅತ್ತೆಯ ತವರಿನ ಹಿತ್ತಾಳೆ ಫಿಲ್ಟರು. ಅದರಿಂದ ಇಳಿಯುವ ಮೊದಲ ಡಿಕಾಕ್ಷನ್ನು ಮಾವನವರಿಗೆ, ಆಮೇಲೆ ನಮ್ಮ ಯಜಮಾನರಿಗೆ, ಆಮೇಲೆ ಬಾಕಿ ದೊಡ್ಡವರಿಗೆ. ಅಷ್ಟರಲ್ಲಿ ಅದು ತಳ ಕಂಡಿರುತ್ತಿತ್ತು. ಮತ್ತೆ ಬಿಸಿನೀರು ಸುರಿದು ಇಳಿಸಿದ ಎರಡನೆಯ ಡಿಕಾಕ್ಷನ್ನು, ಬಣ್ಣದಲ್ಲಿ ಅಕ್ಕಿ ತೊಳೆದ ನೀರಿಗಿಂತ ತುಸು ಮೇಲು, ನನ್ನ ಲೋಟಕ್ಕೆ. ಬೆಳ್ಳಂಬೆಳಗ್ಗೆ ಯಾರಾದರೂ ನೆಂಟರು ಬಂದುಬಿಟ್ಟರೆ ಅದಕ್ಕೂ ಕಲ್ಲು. “ನೀನು ಹಾಲು ಕುಡಿದುಬಿಡಮ್ಮ, ಆರೋಗ್ಯಕ್ಕೆ ಒಳ್ಳೇದು” ಎನ್ನುತ್ತಿದ್ದರು ಅತ್ತೆ. ಕಾಫಿ ಬೇಕೆನ್ನುವವಳಿಗೆ ಆರೋಗ್ಯದ ಮಾತು ಹೇಳುವವರ ಮೇಲೆ ಎಷ್ಟು ಸಿಟ್ಟು ಬರುತ್ತದೆಂದು ಕಾಫಿ ಕುಡಿಯುವವರಿಗೇ ಗೊತ್ತು. ಬಸ್ಸಿನಲ್ಲಿ ಕಂಬ ಹಿಡಿದು ನಿಂತರೆ ತಲೆಯಲ್ಲಿ ಯಾರೋ ಒನಕೆ ಹಿಡಿದು ಕುಟ್ಟಿದಂತಾಗುತ್ತಿತ್ತು. ಕಾಫಿಯೊಂದೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆನೇನೋ. ಈ ಮನೆಯಲ್ಲಿ ನನ್ನ ಬೆಲೆ ಇಷ್ಟೇ ಎಂದು ದಿನಾ ಬೆಳಗ್ಗೆ ಯಾರೋ ಲೋಟದಲ್ಲಿ ಅಳೆದುಕೊಟ್ಟಂತೆ ಅನ್ನಿಸಿ ಅಳುವೇ ಬರುತ್ತಿತ್ತು. ಯಜಮಾನರಿಗೆ ಹೇಳಿದೆ. ಅವರು ಪೇಪರಿನ ಹಿಂದಿನಿಂದಲೇ, “ಅಮ್ಮಂಗೆ ಹೇಳು” ಎಂದರು. ಅಮ್ಮನಿಗೆ ಹೇಳುವ ಧೈರ್ಯವಿದ್ದಿದ್ದರೆ ಇವರಿಗೆ ಯಾಕೆ ಹೇಳುತ್ತಿದ್ದೆ?

ಕೊನೆಗೆ ಒಂದು ಭಾನುವಾರ, ಅವರೆಕಾಯಿ ಸುಲಿಯುತ್ತ ಇಬ್ಬರೇ ಕೂತಿದ್ದಾಗ, ಸುತ್ತುಬಳಸಿ ಹೇಳುವುದೆಂದು ತೀರ್ಮಾನಿಸಿದೆ. “ಅತ್ತೆ, ನಮ್ ಡಬ್ಬದಲ್ಲಿ ಕೊನೇ ಕಿಂಡಿ ಅಂತ ಒಂದಿದೆ. ಎಲ್ರಿಗೂ ಕೊಟ್ಟು ಮಿಕ್ಕಿದ್ದು ಅದಕ್ಕೆ. ಪಾಪ ಅನ್ಸುತ್ತೆ” ಎಂದು ಶುರುಮಾಡಿದೆ.

ಅತ್ತೆ ಕಾಯಿಯಿಂದ ಕಣ್ಣೆತ್ತಲಿಲ್ಲ. “ಅದು ಬಾಯಿಬಿಟ್ಟು ಕೇಳಲ್ವಾ?”

“ಡಬ್ಬಾನೇ ಕೇಳತ್ತೆ ಅತ್ತೆ. ತಂತಿ ಸಿಕ್ಕಿಸಿದ ತಕ್ಷಣ, ನೀನ್ಯಾರು, ನಿನಗೆಷ್ಟು ಬೇಕು ಅಂತ ಮೊದಲು ವಿಚಾರಿಸತ್ತೆ. ಆಚೆ ತುದಿಯವರು ಎಷ್ಟಂತಾರೋ ಅಷ್ಟು ಎತ್ತಿಡತ್ತೆ.”

“ಮತ್ತೆ ಡಬ್ಬದ್ದೇನು ತಪ್ಪು?” ಎಂದು ಕಾಳನ್ನು ಬುಟ್ಟಿಗೆ ಉದುರಿಸಿದರು. “ನೀನು ಈ ಮನೆಗೆ ಬಂದ ಮಾರನೇ ದಿನ ನಾನೂ ಕೇಳಿದ್ದೆ. ಕಾಫಿ ಎಷ್ಟು ಗಟ್ಟಿ ಬೇಕಮ್ಮಾ ಅಂತ. ನೀನು ಸೆರಗು ತಿರುಚ್ಕೊಂಡು, ‘ಹೇಗಿದ್ರೂ ನಡೆಯತ್ತೆ ಅತ್ತೆ, ತೆಳ್ಳಗೇ ಸಾಕು’ ಅಂದೆ. ಇಷ್ಟು ದಿನ ಹಾಗೇ ಕೊಟ್ಟೆ. ಗಟ್ಟಿ ಕಾಫಿ ಬೇಕು ಅನ್ನೋಕೆ ಕರೆಂಟಿನ ಕಥೆ ಯಾಕೆ ಹೇಳ್ತೀಯ?”

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊಸ ಸೊಸೆಯ ನಾಚಿಕೆಯಲ್ಲಿ ಆಡಿದ ಒಂದು ಮಾತು! ನಮ್ಮಲ್ಲಿ ಯಾರಾದರೂ ಮೊದಲ ಸಲವೇ ಬೇಕು ಎನ್ನುತ್ತಾರೆಯೇ? ಬೇಡ ಬೇಡ ಎಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದೇ ಮರ್ಯಾದೆ. ಅತ್ತೆ ಒಂದೇ ಸಲ ಕೇಳಿ ಸುಮ್ಮನಾಗಿದ್ದರು. ನಾನು ಉಳಿದೆರಡು ಸಲಕ್ಕಾಗಿ ಕಾಯುತ್ತ ಕೂತಿದ್ದೆ.

ಮಾರನೆಯ ಬೆಳಗ್ಗೆ ನನ್ನ ಲೋಟದಲ್ಲಿ ಮೊದಲ ಡಿಕಾಕ್ಷನ್ನು ಬಂತು. ಕೆಂಪಗೆ, ನೊರೆಯುಕ್ಕಿ, ಮೂಗಿನವರೆಗೂ ಘಮ. ಎಷ್ಟು ಖುಷಿಯಾಯಿತೆಂದರೆ ಅತ್ತೆಯ ಕಾಲಿಗೆ ಬೀಳೋಣವೆನ್ನಿಸಿತು. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಯಜಮಾನರು, “ಅಮ್ಮಾ, ಏನಿದು, ಕಾಫಿ ಇಷ್ಟು ನೀರಾಗಿದೆ?” ಎಂದು ಗೊಣಗಿದರು. ಫಿಲ್ಟರು ದೊಡ್ಡದಾಗಿರಲಿಲ್ಲ, ಯಾರಾದರೊಬ್ಬರು ಕೊನೆಗೆ ಹೋಗಲೇಬೇಕಿತ್ತು. ಅವರು ತಮ್ಮ ಲೋಟ ನೋಡಿದರು, ನನ್ನ ಲೋಟ ನೋಡಿದರು, ಆಮೇಲೆ ಬಹಳ ಮೆತ್ತಗೆ, “ಒಂದ್ ಗುಟುಕು ಕೊಡ್ತೀಯಾ?” ಎಂದರು. ಇಷ್ಟು ದಿನ ನ್ಯಾಯ, ಸಮಾನತೆ, ಕೊನೆಯವರ ಕಷ್ಟ ಎಂದು ಬಸ್ಸಿನಲ್ಲಿ ಕಂಬ ಹಿಡಿದು ಕೊರಗಿದ್ದವಳು ನಾನು. ಈಗ ಲೋಟವೆತ್ತಿ, ಕುದಿಯುತ್ತಿದ್ದ ಕಾಫಿಯನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿದೆ. ನಾಲಿಗೆ ಸುಟ್ಟಿತು. ಸುಡಲಿ.